ನಡುವಿನಿಂದ ಬಿತ್ತಿದ ಹೊಲ

ಆಗ ನಮ್ಮೂರಿನಲ್ಲಿ ಕರಡಿ ಅಂದರೆ ಮಕ್ಕಳ ಔಷಧ. ಕುಕನೂರಿನ ಸುತ್ತ ಎಲ್ಲ ಎರೆಹೊಲದ ಬಯಲು. ಗುಡ್ಡವಿಲ್ಲ, ಪೊದೆಯಿಲ್ಲ, ಮೊಲ ಅಡಗುವುದಕ್ಕೂ ಜಾಗ ಸಾಲದು. ನಾವು ಕಂಡ ಕರಡಿ ಅಂದರೆ ಕರಡಿ ಆಡಿಸುವವನು ಮೂಗುದಾರ ಹಾಕಿ ಹಿಡಿದು ತರುತ್ತಿದ್ದದ್ದು ಒಂದೇ. ನಿದ್ದೆಯಲ್ಲಿ ಬೆಚ್ಚುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ನಾಲ್ಕು ಕೂದಲನ್ನು ಬಟ್ಟೆಯಲ್ಲಿ ಹೊಲಿದು ತಾಯಿತ ಮಾಡಿ ಸೊಂಟಕ್ಕೆ ಕಟ್ಟುತ್ತಿದ್ದರು. ನನ್ನ ಸೊಂಟದಲ್ಲೂ ಒಂದಿತ್ತು. ಒಳಗೆ ಏನಿದೆ ನೋಡಬೇಕು ಅಂತ ಒಮ್ಮೆ ಬಿಚ್ಚಿ ಮೂಸಿದ್ದೆ. ಮಳೆಯಲ್ಲಿ ತೊಯ್ದ ಹಳೆಯ ಕಂಬಳಿಯ ವಾಸನೆ. ಅವ್ವ ಬೆನ್ನಿಗೆ ಎರಡು ಬಿಟ್ಟು ಮತ್ತೆ ಹೊಲಿದು ಕಟ್ಟಿದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನನಗೆ ಒಂಬತ್ತೋ ಹತ್ತೋ ವರ್ಷ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಯ ಸಗಣಿ, ನೀರು, ಹೊಲಕ್ಕೆ ಬುತ್ತಿ ಒಯ್ಯುವುದು ಇಷ್ಟು ನನ್ನ ಕೆಲಸವಾಗಿತ್ತು. ಶಾಲೆ ಬಿಟ್ಟರೂ ಕೇಳುವ ಚಟ ಬಿಟ್ಟಿರಲಿಲ್ಲ. ಎತ್ತಿನ ಮೂಗು ಯಾಕೆ ಒದ್ದೆ, ರೊಟ್ಟಿ ಯಾಕೆ ಉಬ್ಬುತ್ತದೆ, ಎಲ್ಲ ಕೇಳುತ್ತಿದ್ದೆ. ಅವ್ವ ಬೈಯುತ್ತಿದ್ದಳು, ಅಪ್ಪನಿಗೆ ಕೇಳಿಸುತ್ತಲೇ ಇರಲಿಲ್ಲ. ಉತ್ತರ ಕೊಡುತ್ತಿದ್ದವನು ಅಪ್ಪನ ತಮ್ಮ ದ್ಯಾಮಣ್ಣ ಕಾಕಾ ಒಬ್ಬನೇ.

ಕಾಕಾನ ಹೆಂಡತಿ ಹುಲಿಗೆವ್ವ, ನನಗೆ ಚಿಗವ್ವ. ಅವಳ ತವರು ಕನಕಗಿರಿ ಕಡೆ, ಬಂಡೆಗುಡ್ಡದ ಬುಡದಲ್ಲಿ. ಒಂದು ದೀಪಾವಳಿಗೆ ಅವಳನ್ನು ಕರೆತರಲು ಕಾಕಾ ಹೋದ. ಬೆಳಗ್ಗೆ ನೀರಿನ ಚರಿಗೆ ಹಿಡಿದುಕೊಂಡು ಬಯಲಕಡೆಗೆ ಅಂತ ಗುಡ್ಡದ ಕಡೆ ನಡೆದ. ಅದು ಸೀತಾಫಲದ ಕಾಲ. ಹಣ್ಣು ತಿನ್ನಲು ಕರಡಿ ಮರಿ ಕಟ್ಟಿಕೊಂಡು ಇಳಿದಿತ್ತು. ಅಲ್ಲಿಯ ಜನ ಆ ಕಡೆ ಹೋಗುವಾಗ ಜೋರಾಗಿ ಕೆಮ್ಮುತ್ತಾರೆ, ಚರಿಗೆ ಬಡಿಯುತ್ತಾರೆ, ಸುಮ್ಮನೆ ಯಾರನ್ನೋ ಬೈಯುತ್ತಾ ಹೋಗುತ್ತಾರೆ. ಸದ್ದು ಕೇಳಿದರೆ ಕರಡಿ ತಾನೇ ಸರಿಯುತ್ತದೆ. ನಮ್ಮ ಬಯಲಿನವನಿಗೆ ಇದೆಲ್ಲಿ ಗೊತ್ತು. ಅಳಿಯ ಬೇರೆ. ಹೆಣ್ಣು ಕೊಟ್ಟವರ ಊರಿನಲ್ಲಿ ಚರಿಗೆ ಹಿಡಿದು ಹೋಗುವುದು ಯಾರಿಗೂ ಕಾಣಬಾರದು ಅಂತ ಮರ್ಯಾದೆಯಿಂದ ಸದ್ದಿಲ್ಲದೆ ಹೋದ. ಬಂಡೆಯ ಮೂಲೆ ತಿರುಗಿದಾಗ ಇಬ್ಬರೂ ಎದುರುಬದುರು.

ಕೊಪ್ಪಳದ ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡಿದ್ದರು. ಸಂಕ್ರಾಂತಿ ಕಳೆದ ಮೇಲೆ ಎತ್ತಿನ ಗಾಡಿಯಲ್ಲಿ ಮನೆಗೆ ಬಂದ. ತಲೆಗೆ ಸುತ್ತಿದ ಟವೆಲ್ಲು ತೆಗೆದಾಗ ಓಣಿಯ ಹುಡುಗರೆಲ್ಲ ಓಡಿದರು. ಎಡಗಣ್ಣು ಇರಲಿಲ್ಲ. ಹುಬ್ಬಿನಿಂದ ಕೆನ್ನೆಯವರೆಗೆ ಚರ್ಮ ಎಳೆದು ಹೊಲಿದಿದ್ದರು. ನೆತ್ತಿಯ ಮೇಲೆ ಒಂದು ಪಟ್ಟಿ ಕೂದಲಿಲ್ಲದೆ ಹೊಳೆಯುತ್ತಿತ್ತು. ಕುತ್ತಿಗೆಯ ಎಡಬದಿ ಹಗ್ಗ ಹೊಸೆದ ಹಾಗೆ ಬಿಗಿದುಕೊಂಡಿತ್ತು. ನಾನು ಓಡಲಿಲ್ಲ. ಧೈರ್ಯ ಅಂತಲ್ಲ, ಇನ್ನೂ ಪೂರಾ ನೋಡಿ ಮುಗಿದಿರಲಿಲ್ಲ.

"ಅಂಜಿಕಿ ಬಂತೇನು ಗಂಗಿ?" ಅಂದ ಕಾಕಾ.

"ಇಲ್ಲ. ಮುಟ್ಟಲೇನು?"

"ಏ, ನಾಲಿಗಿ ಹಿಡಕೋ" ಅಂದಳು ಅವ್ವ.

"ಮುಟ್ಟಲಿ ಬಿಡ ವೈನಿ. ಊರ ಮಂದಿ ಎಲ್ಲಾ ಬರೇ ನೋಡಿ ಹೋತು, ಇಕಿ ಒಬ್ಬಾಕೆರ ಕೇಳಿದ್ಲು" ಅಂತ ಅವನು ಬಗ್ಗಿದ.

ಆ ಜಾಗ ಆಗತಾನೆ ಹುಟ್ಟಿದ ಕರುವಿನ ಗೊರಸಿನ ಹಾಗೆ ಮೆತ್ತಗಿತ್ತು, ನುಣ್ಣಗಿತ್ತು.

"ಕಾಕಾ, ನಾ ಕುಂತಿದ್ನೆಲ್ಲ, ಆ ಕರಡಿ ಹಂಗ ಇತ್ತೇನು?"

"ಹಂಗ ಇತ್ತು. ಮೂಗುದಾರ ಒಂದ ಇರಲಿಲ್ಲ ನೋಡು."

ಗಾಯ ಒಣಗಿತು, ಇನ್ನೇನು ಮುಗಿಯಿತು ಅಂತ ಎಲ್ಲರೂ ತಿಳಿದರು. ಮುಗಿಯುವುದು ಹಾಗಿರಲಿ, ಶುರುವಾದದ್ದೇ ಆಮೇಲೆ. ಎಡದವಡೆ ಸರಿಯಾಗಿ ಕೂಡುತ್ತಿರಲಿಲ್ಲ. ಖಡಕ್ ರೊಟ್ಟಿಯನ್ನು ಕಟಕಟ ಕಡಿಯುತ್ತಿದ್ದವನಿಗೆ ಈಗ ಚಿಗವ್ವ ಬಿಸಿರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಬೇಕು. ಉಂಡದ್ದು ತುಟಿಯ ಮೂಲೆಯಿಂದ ಇಳಿದರೆ ಅವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಮೋಡ ಕಟ್ಟುವ ಮೊದಲೇ ನೆತ್ತಿ ಸಿಡಿಯುತ್ತಿತ್ತು. ಕಾಕಾ ತಲೆ ಹಿಡಿದು ಕುಳಿತರೆ ಅಪ್ಪನ ಅವ್ವ, ನಮ್ಮ ಆಯಿ, ಅಂಗಳದಲ್ಲಿ ಒಣಗಲಿಟ್ಟ ಕುಳ್ಳು ಒಳಗೆ ತರಿಸುತ್ತಿದ್ದಳು. ಎಡಗಡೆಯಿಂದ ಯಾರಾದರೂ ಬಂದು ಮೈ ತಾಗಿಸಿದರೆ ಕೈ ಬೀಸಿಬಿಡುತ್ತಿದ್ದ. ಒಮ್ಮೆ ಆ ಏಟು ಚಿಗವ್ವನಿಗೇ ಬಿತ್ತು. ಆಮೇಲೆ ಮನೆಯವರೆಲ್ಲ ಅವನ ಬಲಗಡೆಯಿಂದಲೇ ಹೋಗುವುದು ಕಲಿತೆವು. ಸಂತೆಯಿಂದ ಸೀತಾಫಲ ತರುವುದು ನಿಂತುಹೋಯಿತು.

ಇದೆಲ್ಲ ಮನೆಯೊಳಗಿನ ಮಾತು. ಊರಿಗೆ ಗೊತ್ತಾದದ್ದು ಮುಂಗಾರಿಯಲ್ಲಿ.

ನಮ್ಮ ಮನೆಯಲ್ಲಿ ಬೀಜ ಬಿತ್ತುವ ಕೂರಿಗೆ ಹಿಡಿಯುವವನು ಕಾಕಾ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಸಾಯುವಾಗ ಅದನ್ನು ಅವನ ಕೈಗೆ ಕೊಟ್ಟಿದ್ದ. ಅಪ್ಪನಿಗೆ ಹರಗುವುದು, ಗಳೆ ಹೊಡೆಯುವುದು ಬರುತ್ತಿತ್ತು, ಬಿತ್ತುವ ಕೈ ಇರಲಿಲ್ಲ. ಬಿತ್ತುವುದು ಅಂದರೆ ಎತ್ತಿನ ಹಿಂದೆ ನಡೆಯುವುದಲ್ಲ. ಈಗ ಹಾಕುವ ಸಾಲು ಹಿಂದೆ ಹಾಕಿದ ಸಾಲಿಗೆ ಒಂದೇ ಅಳತೆಯ ಸಂದು ಬಿಟ್ಟು ಹೊಲದ ಉದ್ದಕ್ಕೂ ಹೋಗಬೇಕು. ಸಂದು ಕೆಟ್ಟರೆ ಮುಂದೆ ಎಡೆ ಹೊಡೆಯುವಾಗ ಕಳೆಯ ಜೊತೆ ಬೆಳೆಯನ್ನೂ ಕುಂಟೆ ಕೊಯ್ದು ಹಾಕುತ್ತದೆ. ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನ ಮುಖ ಆಮೇಲೆ ನೋಡುತ್ತಾರೆ. ಮೊದಲು ಅವನ ಹೊಲದ ಬದುವಿನ ಮೇಲೆ ಹಾದು ಸಾಲು ನೋಡಿಕೊಂಡು ಹೋಗುತ್ತಾರೆ.

ಆ ವರ್ಷವೂ ಕಾಕಾನೇ ಹೆಸರುಕಾಳು ಬಿತ್ತಿದ. ಅವ್ವ ಉಡಿಯಲ್ಲಿ ಬೀಜ ತುಂಬಿಕೊಂಡು ಹಿಂದೆ ನಡೆದು ಕೂರಿಗೆಯ ಬಟ್ಟಲಿಗೆ ಬಿಟ್ಟಳು. ಅವಳ ಕಣ್ಣು ಬಟ್ಟಲಿನ ಮೇಲೆ. ಎರಡು ಸಾಲು ಹಿಂದೆ ಉಳಿದು ಅಪ್ಪ ಮಣ್ಣು ಮುಚ್ಚಿಕೊಂಡು ಬಂದ. ಮಣ್ಣು ಮುಚ್ಚಿದ ಮೇಲೆ ಯಾರ ಸಾಲು ಹೇಗಿದೆ ಅಂತ ಯಾರಿಗೂ ಕಾಣುವುದಿಲ್ಲ. ಮೊಳಕೆ ಎದ್ದ ಮೇಲೆ ಯಾರೂ ಅದನ್ನು ಮುಚ್ಚಲಾರರು.

ಮೊಳಕೆ ಎದ್ದಿತು. ಬಾಜೂ ಹೊಲದ ಫಕೀರಪ್ಪ ಬದುವಿನ ಮೇಲೆ ನಿಂತು ತಂಬಾಕು ತಿಕ್ಕುತ್ತಾ ಬಹಳ ಹೊತ್ತು ನೋಡಿದ.

"ದ್ಯಾಮಣ್ಣ, ಹೆಸರು ಬಿತ್ತೀಯೋ ಹಾವು ಬಿಟ್ಟೀಯೋ?"

ಕಾಕಾ ಬಗ್ಗಿ ಕಳೆ ಕೀಳತೊಡಗಿದ.

"ಎಡಿ ಹೊಡಿಯಾಗ ಕುಂಟಿಗೂ ಒಂದ್ ಗ್ಲಾಸ್ ಕುಡಸ್ರೆಪಾ. ಇಲ್ಲಂದ್ರ ಈ ಸಾಲಿನಾಗ ಅದು ಹೋಗೂದಿಲ್ಲ."

ಸಂಜೆಗೆ ಊರೆಲ್ಲ ಅದೇ ಮಾತು. ದ್ಯಾಮಣ್ಣ ಕುಡಿಯಲು ಹಿಡಿದಿದ್ದಾನೆ ಅಂದರು ಕೆಲವರು. ಅವನು ಕುಡಿಯುತ್ತಿರಲಿಲ್ಲ. ಕರಡಿ ತಲೆಯೊಳಗೆ ಉಗುರು ಹಾಕಿದೆ, ಬುದ್ಧಿ ಕಲಕಿದೆ ಅಂದರು ಉಳಿದವರು. ಆಯಿ ಎರಡನೆಯದನ್ನು ನಂಬಿದಳು. ಕರಡಿ ಆಡಿಸುವವನು ಮಳೆಗೆ ಹಣಮಪ್ಪನ ಗುಡಿಯ ಕಟ್ಟೆಯಲ್ಲಿ ಇಳಿದಿದ್ದ. ಅವನ ಹತ್ತಿರ ಕೂದಲು ತಂದು ತಾಯಿತ ಹೊಲಿದು ಮಗನ ಮುಂದೆ ಹಿಡಿದಳು.

"ಕಟ್ಟಿಕೋ ಯಪ್ಪಾ. ಅಂಜಿಕಿ ಹೊಕ್ಕೈತಿ, ಅದಕ ಹಿಂಗ ಆಗೈತಿ."

"ಯವ್ವಾ, ಅದರ ಕೂದಲ ದವಾಖಾನ್ಯಾಗ ನನ್ನ ಗಾಯದಾಗಿಂದ ಚಿಮಟಾ ಹಾಕಿ ತಗದಾರ. ಅಷ್ಟು ಒಳಗ ಹೋಗಿ ಏನೂ ಮಾಡದ್ದು ಹೊರಗ ಕಟ್ಟಿದ್ರ ಮಾಡ್ತೈತೇನು?"

ಆಯಿ ಆ ತಾಯಿತವನ್ನು ಕೆಂದ ಎತ್ತಿನ ಕೊರಳಿಗೆ ಕಟ್ಟಿದಳು. ಹೊಲಿದದ್ದು ಹಾಳಾಗಬಾರದಲ್ಲ.

ಅಪ್ಪ ಒಂದು ದಿನ ಉಂಡು ಕೈ ತೊಳೆಯುವಾಗ ಹೇಳಿಬಿಟ್ಟ. "ಹಿಂಗಾರಿಗೆ ಫಕೀರಪ್ಪನ ಮಗಗ ಕೂರಿಗಿ ಹಿಡಿ ಅಂತ ಹೇಳೇನಿ. ನೀ ದನ ನೋಡಿಕೋ."

"ದನಕ್ಕ ಹುಡುಗರು ಅದಾವ" ಅಂದ ಕಾಕಾ. ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಜ್ವಾಳ ಬಿತ್ತೂದರೊಳಗ ನಾ ಗಂಗಾವತಿ ಕಡೆ ಹೊಕ್ಕೇನಿ ಯಣ್ಣಾ. ಕಾಲುವಿ ಕೆಸರಾಗ ದುಡಿತೇನಿ. ಅಲ್ಲಿ ನನ್ನ ಸಾಲು ನೋಡವರು ಯಾರೂ ಇಲ್ಲ."

ಚಿಗವ್ವ ಅಳಲಿಲ್ಲ, ಜಗಳಾಡಲಿಲ್ಲ. ಮರುದಿನ ತನ್ನ ಟ್ರಂಕಿನ ಬೀಗದ ಕೈ ಹುಡುಕಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಅದನ್ನು ನೋಡಿ ನನಗೆ ಹೋಗುವುದು ಖರೆ ಅಂತ ತಿಳಿಯಿತು. ಕಾಕಾ ಹೋದರೆ ಆ ಮನೆಯಲ್ಲಿ ನನ್ನ ಮಾತಿಗೆ ಉತ್ತರ ಕೊಡುವವರು ಯಾರಿದ್ದರು?

ಎಡೆ ಹೊಡೆಯುವ ದಿನ ಬುತ್ತಿ ಒಯ್ದಿದ್ದೆ. ರೊಟ್ಟಿ, ಅಗಸಿ ಹಿಂಡಿ, ಮೇಲೆ ಹಸಿ ಉಳ್ಳಾಗಡ್ಡಿ. ಬಟ್ಟೆ ಬಿಚ್ಚದೆಯೇ ವಾಸನೆ ಬರುತ್ತಿತ್ತು. ಅಪ್ಪ ಕುಂಟೆ ಹೊಡೆಯುತ್ತಾ ಒಂದು ಸಂದಿಗೆ ಸುಮ್ಮನೆ ಹೋಗುತ್ತಾನೆ, ಇನ್ನೊಂದು ಸಂದಿಗೆ ಎತ್ತನ್ನು ಬೈಯುತ್ತಾನೆ. ಮತ್ತೆ ಒಂದಕ್ಕೆ ಸುಮ್ಮನೆ, ಮತ್ತೆ ಒಂದಕ್ಕೆ ಬೈಗುಳ. ನನಗೆ ಅದು ವಿಚಿತ್ರ ಅನಿಸಿತು. ಬುತ್ತಿ ಇಟ್ಟು ಸಾಲುಗಳನ್ನು ಅಡ್ಡ ಹಾಯ್ದು ಹೋದೆ. ಕೂರಿಗೆ ಹಳ್ಳದ ಕಡೆ ಹೋಗುವಾಗ ಬಿಟ್ಟ ಸಂದು ಅಲ್ಲೂ ಇಲ್ಲೂ ಒಂದೇ ಸಮ. ಊರ ಕಡೆ ತಿರುಗಿ ಬರುವಾಗ ಬಿಟ್ಟ ಸಂದು ಒಂದು ಕಡೆ ಎರಡು ಗೇಣು, ಒಂದು ಕಡೆ ನನ್ನ ಪಾದ ಕೂಡ ಹಿಡಿಸದು. ಹೊಲದ ತುಂಬ ಹೀಗೇ. ಒಂದು ಒಳ್ಳೆಯದು, ಒಂದು ಕೆಟ್ಟದ್ದು.

ಕುಡಿದವನು ಹೋಗುವಾಗಲೂ ಸೊಟ್ಟ ಹೋಗಬೇಕಲ್ಲ? ಬುದ್ಧಿ ಕೆಟ್ಟವನಿಗೆ ಊರ ಕಡೆ ತಿರುಗಿದಾಗ ಮಾತ್ರ ಕೆಡುತ್ತದೆಯೇ?

ಮನೆಗೆ ಬಂದವಳೇ ಎಡಗಣ್ಣಿಗೆ ಅವ್ವನ ಹರಕು ಕುಪ್ಪಸದ ತುಂಡು ಕಟ್ಟಿಕೊಂಡೆ. ಇಡೀ ದಿನ ಹಾಗೇ ತಿರುಗಿದೆ. ಬಾಗಿಲಿಗೆ ಎಡಭುಜ ಬಡಿಯಿತು. ಮಜ್ಜಿಗೆ ಲೋಟಕ್ಕೆ ಹಾಕಿದರೆ ಹೊರಗೆ ಬಿತ್ತು. ಐದು ಕಲ್ಲಿನ ಆಟದಲ್ಲಿ ಓಣಿಯಲ್ಲಿ ನನ್ನನ್ನು ಗೆದ್ದವರಿರಲಿಲ್ಲ. ಅವತ್ತು ಮೇಲೆ ಎಸೆದ ಒಂದು ಕಲ್ಲೂ ಕೈಗೆ ಸಿಗಲಿಲ್ಲ, ಎಲ್ಲ ಬೆರಳಿಗೆ ಬಡಿದು ಬಿದ್ದವು.

"ಕಣ್ಣಿಗೇನಾಗೇತಿ ನಿನಗ? ಕಳಚತೀಯೋ ಇಲ್ಲೋ?" ಅಂತ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು.

ಅಂಗಳದಲ್ಲಿ ಕೋಲಿನಿಂದ ಒಂದು ಗೆರೆ ಎಳೆದು ಅದರ ಪಕ್ಕ ನಡೆದೆ. ಗೆರೆ ಬಲಗಡೆ ಇದ್ದಾಗ ಪಕ್ಕದಲ್ಲೇ ಹೋದೆ. ತಿರುಗಿ ಬಂದಾಗ ಗೆರೆ ಎಡಕ್ಕೆ ಬಂತು. ಅಂದರೆ ಬರಲೇ ಇಲ್ಲ, ಮಾಯವಾಯಿತು. ನಾನಾದರೆ ಕುತ್ತಿಗೆ ತಿರುಗಿಸಿ ನೋಡಬಹುದು. ಕಾಕಾನ ಕುತ್ತಿಗೆ ಆ ಕಡೆ ತಿರುಗುತ್ತಿರಲಿಲ್ಲ.

ಮರುದಿನ ಹೊಲದಲ್ಲಿ ಬನ್ನಿಗಿಡದ ಕೆಳಗೆ ಕಾಕಾ ನೆನೆದ ರೊಟ್ಟಿ ತಿನ್ನುತ್ತಿದ್ದ. ಬಲಗಡೆ ಹೋಗಿ ಕೂತೆ.

"ಕಾಕಾ, ನೀ ಹಳ್ಳದ ಕಡೆ ಹೋಗಾಗ ಛಲೋ ಬಿತ್ತೀ. ಊರ ಕಡೆ ಬರೂವಾಗಷ್ಟ ಕೆಟ್ಟೈತಿ."

ಬಾಯಲ್ಲಿದ್ದದ್ದು ಅಲ್ಲೇ ನಿಂತಿತು. "ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನ ನೋಡೇನಿ. ಮೊದಲಿನ ಸಾಲು ಎಡಕ್ಕ ಬಂದಾಗ ನಿನಗ ಕಾಣೂದಿಲ್ಲ. ನಾನೂ ಕಣ್ಣು ಕಟಿಗೊಂಡು ನಡದೇನಿ."

ಅವನು ಎದ್ದ. ಸಾಲುಗಳನ್ನು ಅಡ್ಡ ಹಾಯುತ್ತಾ ಪ್ರತಿ ಸಂದಿನಲ್ಲೂ ಪಾದ ಇಟ್ಟು ನೋಡುತ್ತಾ ಆ ಬದುವಿನವರೆಗೆ ಹೋದ, ತಿರುಗಿ ಬಂದ. ಬಂದು ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಇನ್ನೊಮ್ಮೆ ಹೇಳು."

ಹೇಳಿದೆ.

"ಹಂಗಾರ ತಲಿ ಕೆಟ್ಟಿಲ್ಲ. ಕಣ್ಣಷ್ಟ ಹೋಗೈತಿ" ಅಂದ. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಮಂದಿ ಅನ್ನೂದು ಇರಲಿ ಗಂಗಿ, ನಾನ ಹಂಗ ತಿಳಕೊಂಡಿದ್ದೆ. ತಲೀನ ಹೋತು ಅಂತ."

ಕಣ್ಣು ಹೋದವನು ಅಷ್ಟು ಸಮಾಧಾನ ಪಟ್ಟದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆದರೆ ರೋಗ ತಿಳಿದರೆ ಔಷಧ ಸಿಕ್ಕ ಹಾಗಲ್ಲ. ಸಾಲು ಎಡಕ್ಕೆ ಬರದೆ ಬಿತ್ತುವುದು ಹೇಗೆ? ಹೊಲ ಒಂದು ಬದುವಿನಿಂದ ಹಿಡಿದು ಇನ್ನೊಂದು ಬದುವಿಗೆ ಬಿತ್ತುತ್ತಾ ಹೋದರೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಬರಲೇಬೇಕು. ಕಾಕಾ ಬಾರಕೋಲಿನಿಂದ ನೆಲದ ಮೇಲೆ ಗೀಚುತ್ತಿದ್ದ, ಅಳಿಸುತ್ತಿದ್ದ. ಹೆಸರು ಕೊಯ್ದು ಕಣಕ್ಕೆ ಬಂತು. ಕಣದ ನಡುವೆ ಮೇಟಿ ಕಂಬ ನೆಟ್ಟು, ಎತ್ತು ಕಟ್ಟಿ, ಅದರ ಸುತ್ತ ತುಳಿಸುತ್ತಿದ್ದರು. ನಾನು ಹಿಂದೆ ಸಗಣಿ ಹಿಡಿಯುವ ಬುಟ್ಟಿ ಹಿಡಿದುಕೊಂಡು ಸುತ್ತುತ್ತಿದ್ದೆ. ಕಾಕಾ ಕುಳಿತವನು ತಟ್ಟನೆ ಎದ್ದು ನಿಂತ.

"ಗಂಗಿ, ಮೇಟಿ ನಿನಗ ಯಾವ ಕೈಗೆ ಐತಿ?"

"ಬಲಗೈಗೆ."

"ಇನ್ನೊಂದು ಸುತ್ತು ಹಾಕು. ಈಗ?"

"ಈಗೂ ಬಲಗೈಗೆ. ಎಲ್ಲಿ ಹೊಕ್ಕೈತಿ ಅದು?"

"ಎಲ್ಲೂ ಹೋಗೂದಿಲ್ಲ" ಅಂತ ನಕ್ಕ. ಹೊಲಿಗೆ ಹಾಕಿದ ಆ ಮುಖದಲ್ಲಿ ನಗು ಅರ್ಧ ಮಾತ್ರ ಬರುತ್ತಿತ್ತು. ಆ ಅರ್ಧ ಸಾಕಾಗಿತ್ತು.

ಹಿಂಗಾರಿ ಬಿಳಿಜೋಳದ ಬಿತ್ತನೆ ದಿನ ಚಿಗವ್ವ ಉಡಿ ಕಟ್ಟಿದಳು. ಬೀಗದ ಕೈ ಇನ್ನೂ ಸೆರಗಿನಲ್ಲೇ ಇತ್ತು. ಆಯಿ ಬನ್ನಿಗಿಡದ ಮೂಲೆಯಲ್ಲಿ ಕೂರಿಗೆಗೆ ಅರಿಸಿನ ಹಚ್ಚಿ ಕಾಯಿ ಒಡೆದಳು. ಬಿತ್ತುವುದು ಆ ಮೂಲೆಯಿಂದಲೇ ಹಿಡಿಯಬೇಕು, ಮುತ್ಯಾನ ಕಾಲದಿಂದ ಬಂದದ್ದು. ಫಕೀರಪ್ಪನ ಮಗ ಬಂದು ಹಿಡಿಯುವ ಮೊದಲೇ ಕಾಕಾ ಕೂರಿಗೆ ಎತ್ತಿ ಎತ್ತು ಹೊಡೆದುಕೊಂಡು ಸೀದಾ ಹೊಲದ ನಡುವೆ ಹೋಗಿ ನಿಂತ.

"ಏ ದ್ಯಾಮಾ, ಎತ್ತಾಗ ಹೊಂಟಿ?" ಅಂತ ಆಯಿ ಕೂಗಿದಳು. "ನಟ್ಟ ನಡು ಹೊಲದಾಗ ಯಾರರ ಬಿತ್ತಿಗಿ ಹಿಡಿತಾರೇನೋ? ಭೂಮ್ತಾಯಿ ಹೊಟ್ಟಿ ಮ್ಯಾಲ ಕೂರಿಗಿ ಊರತೀ?"

ಫಕೀರಪ್ಪ ಬದುವಿನ ಮೇಲೆ ಬಂದು ಕೂತಿದ್ದ. "ಬಿಡ ಯಕ್ಕಾ, ಈ ಸರ್ತಿ ಹಾವು ಅಲ್ಲ, ಸುರಳಿ ಮಾಡವ ಅದಾನ."

ಅಪ್ಪ ಕಾಕಾನ ಹತ್ತಿರ ಹೋದ. ಏನೋ ಮಾತಾಡಿದರು. ಕಾಕಾ ಬಾರಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ನಡುವೆ ಒಂದು ಗೆರೆ, ಅದರ ಬಲಕ್ಕೆ ತಿರುಗಿ ಒಂದು, ಮತ್ತೆ ಬಲಕ್ಕೆ ತಿರುಗಿ ಆ ಬದಿಗೆ ಒಂದು. ಬಿತ್ತಿದ್ದೆಲ್ಲ ನಡುವೆ, ಯಾವಾಗಲೂ ಬಲಗೈಗೆ. ಅಪ್ಪ ಬಹಳ ಹೊತ್ತು ನೋಡಿದ.

"ತುದೀಗೆ ತಿರುಗೂದು ಭಾಳ ಆಕೈತಿ. ಎತ್ತು ದಣಿತಾವ."

"ಎತ್ತು ದಣಿದ್ರ ನಾ ನೊಗ ಹೊರತೇನಿ."

"ಇದೊಂದು ಹೊಲ ಬಿತ್ತು. ಮೊಳಕಿ ಸೊಟ್ಟ ಎದ್ರ ಮುಂದ ನಾ ಕೇಳಂಗಿಲ್ಲ, ನೀ ಹೇಳಂಗಿಲ್ಲ" ಅಂದ ಅಪ್ಪ. ಆಯಿಯನ್ನು ಸುಮ್ಮನಿರಿಸಲು ಚಿಗವ್ವ ಮೊದಲ ಮುಷ್ಟಿ ಜೋಳವನ್ನು ಬನ್ನಿಗಿಡದ ಮೂಲೆಗೆ ಚೆಲ್ಲಿ ಕೈ ಮುಗಿದಳು. ಆಮೇಲೆ ಗಂಡನ ಹಿಂದೆ ನಡೆದಳು.

ಮೊಳಕೆ ಏಳುವವರೆಗೆ ಕಾಕಾ ಹೊಲದ ಕಡೆ ಹೋಗಲೇ ಇಲ್ಲ. ನಾನು ದಿನಾ ಹೋಗಿ ಮಣ್ಣು ಕೆದಕಿ ನೋಡುತ್ತಿದ್ದೆ. ಒಂದು ಬೆಳಗ್ಗೆ ಕರಿಮಣ್ಣಿನಲ್ಲಿ ಹಸಿರು ಸೂಜಿಗಳು ಎದ್ದಿದ್ದವು. ಓಡಿ ಬಂದು ಹೇಳಿದೆ. ಎಲ್ಲರೂ ಹೋದೆವು. ನಮಗಿಂತ ಮೊದಲೇ ಫಕೀರಪ್ಪ ಅಲ್ಲಿದ್ದ. ಸಾಲಿನ ತಲೆಗೆ ಕುಕ್ಕರಗಾಲಲ್ಲಿ ಕೂತು, ತಲೆ ವಾರೆ ಮಾಡಿ, ಒಂದು ಕಣ್ಣು ಮುಚ್ಚಿ, ಸಾಲಿನ ಉದ್ದಕ್ಕೂ ನೋಡುತ್ತಿದ್ದ.

ಸಾಲುಗಳು ಹಳ್ಳದವರೆಗೆ ಒಂದೇ ಸಮ ಹೋಗಿದ್ದವು.

"ಫಕೀರಣ್ಣ," ಅಂದ ಕಾಕಾ, "ಸಾಲು ನೋಡಾಕ ನೀನೂ ಒಂದ ಕಣ್ಣು ಸಾಕು ಮಾಡೀಯಲ್ಲೋ."

ಫಕೀರಪ್ಪ ಮುಚ್ಚಿದ ಕಣ್ಣು ತೆರೆದ. ತಂಬಾಕಿನ ಚೀಲ ತೆಗೆದು ಮೊದಲು ಕಾಕಾನ ಮುಂದೆ ಹಿಡಿದ. ಬಲಗಡೆಯಿಂದ ಹಿಡಿದ. ಅದನ್ನು ಅವನಿಗೆ ಯಾರು ಹೇಳಿದ್ದರೋ ತಿಳಿಯದು. ಚಿಗವ್ವ ಅವತ್ತೇ ಬೀಗದ ಕೈಯನ್ನು ಗೂಟಕ್ಕೆ ನೇತು ಹಾಕಿದಳು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕೂರಿಗೆ ಅವನ ಕೈಯಲ್ಲಿ ಉಳಿಯಿತು, ಅಷ್ಟೇ. ನೆತ್ತಿಯ ಸಿಡಿತ ಸಾಯುವವರೆಗೂ ಹೋಗಲಿಲ್ಲ. ವಯಸ್ಸಾದಂತೆ ದವಡೆ ಇನ್ನೂ ಬಿಗಿಯಿತು, ಕೊನೆಗೆ ಅಂಬಲಿ ಕುಡಿದುಕೊಂಡೇ ಇದ್ದ. ನಿದ್ದೆಯಲ್ಲಿ ಒದರುತ್ತಿದ್ದ, ಚಿಗವ್ವ ದೂರ ಕೂತು ಹೆಸರು ಹಿಡಿದು ಕರೆದು ಎಬ್ಬಿಸುತ್ತಿದ್ದಳು. ಗಂಡನ ಹೆಸರು ಹೇಳಬಾರದು ಅನ್ನುವ ಊರಿನಲ್ಲಿ ಅವಳೊಬ್ಬಳಿಗೆ ಅದು ಮಾಫಿ ಇತ್ತು. ಕರಡಿ ಹೊಡೆದದ್ದು ಒಂದು ಗಳಿಗೆ. ಅದನ್ನು ಹೊತ್ತದ್ದು ಇಡೀ ಬದುಕು, ಅದೂ ಅವನೊಬ್ಬನೇ ಅಲ್ಲ.

ಕಾಕಾ ಹೋಗಿ ಕೆಲವು ವರ್ಷವಾಯಿತು. ಅವನ ಮಣ್ಣಿಗೆ ಅಂತ ತವರಿಗೆ ಹೋದಾಗ ಕೂರಿಸಿದ ಹೆಣದ ಬಲಗಡೆ ಹೋಗಿ ಕೂತಿದ್ದೆ. ರೂಢಿ. ಕರಡಿ ಆಡಿಸುವವರು ಬರುವುದು ನಿಂತುಹೋಯಿತು, ಒಳ್ಳೆಯದೇ ಆಯಿತು. ಕೂರಿಗೆ ಅಟ್ಟದ ಮೇಲಿದೆ, ಮಣ್ಣಿಗೆ ಇಳಿಯುವ ಮರದ ತಾಳುಗಳಿಗೆ ಗೆದ್ದಲು ಹಿಡಿದಿದೆ. ಈಗ ಯಾರ ಹೊಲದ ಸಾಲು ಹೇಗಿದೆ ಅಂತ ಬದುವಿನ ಮೇಲೆ ನಿಂತು ನೋಡುವವರೂ ಇಲ್ಲ, ಆಡಿಕೊಳ್ಳುವವರೂ ಇಲ್ಲ. ಫಕೀರಪ್ಪನಂಥವನ ಬಾಯಿ ಕೂಡ ಒಂದು ದಿನ ಬೇಕು ಅನಿಸುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಕಳೆದ ಹಿಂಗಾರಿಗೆ ತವರಿಗೆ ಹೋದಾಗ ಆ ಹೊಲಕ್ಕೆ ಟ್ರ್ಯಾಕ್ಟರು ಬಂದಿತ್ತು. ಹುಡುಗ ಬದುವಿನಿಂದ ಶುರು ಮಾಡಿದ. ಕೈ ಅಡ್ಡ ಹಿಡಿದು ನಿಲ್ಲಿಸಿದೆ.

"ತಮ್ಮಾ, ಈ ಹೊಲ ನಡುವಿಂದ ಬಿತ್ತಬೇಕು."

"ಯಾಕಬೇ ಅಮ್ಮಾ?"

"ಮೊದಲಿಂದ ಹಂಗ ಬಿತ್ತಿ ಬಂದೈತಿ."

"ತುದೀಗೆ ತಿರುಗಿ ತಿರುಗಿ ಡೀಸೆಲ್ ಸುಡತೈತಿ. ಹಂಗ ಬಿತ್ತೂದರಿಂದ ಏನ್ ಬರತೈತಿ?"

ಅವನ ಮುಖ ನೋಡಿದೆ. ಎರಡೂ ಕಣ್ಣು ಚೆನ್ನಾಗಿದ್ದವು.

"ಏನೂ ಇಲ್ಲ. ಹೊಡಿ" ಅಂದು ಅವನ ಬಲಗಡೆಯಿಂದ ಹಾದು ಬಂದೆ.